ಕಿಟ್ಟೆಲ್ಲರ ನಿಘಂಟು ಮತ್ತು ನನ್ನ ಹಳೆಯ ಸಾಲ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಿರಿಯರೊಬ್ಬರ ಜೀವನದ ಬಗ್ಗೆ ಬರೆಯಲು ಗುರುಗಳು ಹೇಳಿದಾಗ ನನಗೆ ಮೊದಲು ನೆನಪಾದ ಹೆಸರು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್. ಇದಕ್ಕೆ ಎರಡು ಕಾರಣಗಳಿವೆ. ಒಂದು, ಅವರು ಕನ್ನಡಕ್ಕೆ ಕೊಟ್ಟ ನಿಘಂಟು. ಇನ್ನೊಂದು, ಅದೇ ನಿಘಂಟಿನ ವಿಷಯದಲ್ಲಿ ನಾನು ಈ ಶಾಲೆಯಲ್ಲಿ ಮಾಡಿದ ತಪ್ಪು. ಅದನ್ನು ಕೊನೆಗೆ ಹೇಳುತ್ತೇನೆ.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರ ಸಮುದ್ರದ ಕಡೆಯ ಒಂದು ಸಣ್ಣ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಓದಿನಲ್ಲಿ ಚುರುಕಾಗಿದ್ದ ಹುಡುಗ 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದ. ಮೂರು ವರ್ಷ ಕಳೆಯುವಷ್ಟರಲ್ಲಿ, 1853ರಲ್ಲಿ, ಭಾರತಕ್ಕೆ ಬಂದಿಳಿದ. ಆಗ ವಯಸ್ಸು ಇಪ್ಪತ್ತೊಂದು.

ನಮ್ಮ ಭಾಗದವರಿಗೆ ಬಾಸೆಲ್ ಮಿಷನ್ನಿನ ಹೆಸರು ಹೊಸದಲ್ಲ. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳ ನಂತರ 1851ರಲ್ಲಿ ಗುಳೇದಗುಡ್ಡದಲ್ಲೂ ಅದರ ಕೇಂದ್ರ ಆರಂಭವಾಗಿತ್ತು. ನನ್ನ ಅಜ್ಜ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದರು. ಭಾನುವಾರ ಮಗ್ಗ ನಿಲ್ಲಿಸಿ, ಒಗೆದ ಧೋತರ ಉಟ್ಟು ಚರ್ಚಿಗೆ ಹೋಗುತ್ತಿದ್ದರು. ಕಿಟ್ಟೆಲ್ಲರ ಹೆಸರನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದಲೇ.

ಮಿಷನರಿಗಳು ತಂದ ಮುಖ್ಯ ಸಂದೇಶ ದೇವರ ಕರುಣೆ ಮತ್ತು ಕ್ಷಮೆಯದು. ಮನುಷ್ಯ ಎಷ್ಟೇ ಒಳ್ಳೆಯ ಕೆಲಸ ಮಾಡಿದರೂ ಅದರ ಲೆಕ್ಕ ತೋರಿಸಿ ಕ್ಷಮೆ ಕೊಳ್ಳಲಾರ. ದೇವರು ಯೇಸುವಿನ ಮೂಲಕ ಅದನ್ನು ಬಿಟ್ಟಿಯಾಗಿ ಕೊಡುತ್ತಾನೆ. ಪಡೆದವನು ಉಳಿದ ಬಾಳನ್ನು ಉಪಕಾರ ನೆನೆದು ಬಾಳುತ್ತಾನೆ. ನಮ್ಮ ಕ್ರೈಸ್ತ ಮನೆಗಳಲ್ಲಿ ಚಿಕ್ಕಂದಿನಿಂದ ಕಲಿಸುವ ಪಾಠ ಇಷ್ಟೇ. ಕೂಡಲಸಂಗಮದ ನೆರೆಯಲ್ಲಿ ಬೆಳೆದ ನಮ್ಮೆಲ್ಲರಿಗೂ ದಯೆಯ ಮಾತು ಪರಕೀಯವೇನಲ್ಲ.

ಆದರೆ ಈ ಮಾತನ್ನು ಕನ್ನಡಿಗರಿಗೆ ಹೇಳಬೇಕಾದರೆ ಅವರ ನುಡಿ ಬರಬೇಕು, ಅವರ ಮನಸ್ಸು ತಿಳಿಯಬೇಕು. ಕಿಟ್ಟೆಲ್ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ತಿರುಗಿದರು. ಜನರ ನಡುವೆ ಸರಳವಾಗಿ, ಅವರಂತೆಯೇ ಬದುಕಬೇಕೆಂಬುದು ಅವರ ಆಸೆ. ಮಿಷನ್ನಿನ ಹಿರಿಯರಿಗೆ ಇದು ಸರಿಬರಲಿಲ್ಲ, ಭಿನ್ನಾಭಿಪ್ರಾಯಗಳಾದವು. ಬೋಧಕರಾಗಿ ಅವರಿಗೆ ದೊಡ್ಡ ಯಶಸ್ಸು ಸಿಗಲಿಲ್ಲ. ಮನೆಯಲ್ಲೂ ದುಃಖ ಬಂತು. 1864ರಲ್ಲಿ ಪತ್ನಿ ಪೌಲೀನ್ ತೀರಿಕೊಂಡರು. ಕೆಲವು ವರ್ಷಗಳ ನಂತರ ಪೌಲೀನರ ಸಹೋದರಿ ಯೂಲಿಯವರನ್ನು ಮದುವೆಯಾದರು.

ಇಷ್ಟರ ನಡುವೆಯೂ ಅವರು ಕನ್ನಡದ ಕೆಲಸ ಬಿಡಲಿಲ್ಲ. 1862ರಲ್ಲಿ ಯೇಸುವಿನ ಜೀವನವನ್ನು ನಮ್ಮ ಛಂದಸ್ಸಿನಲ್ಲಿ ಹೇಳುವ ಕಥಾಮಾಲೆ ಹೊರತಂದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ತಮ್ಮ ಧರ್ಮಕ್ಕೆ ಸೇರದ ಈ ಗ್ರಂಥಗಳಿಗೆ ಅವರು ಸುರಿದ ಶ್ರಮ ಕಡಿಮೆಯದಲ್ಲ.

ನಿಘಂಟಿಗಾಗಿ ಸುಮಾರು ಎರಡು ದಶಕ ದುಡಿದರು. 1877ರಲ್ಲಿ ಜರ್ಮನಿಗೆ ಮರಳಿದವರು ಐವತ್ತು ದಾಟಿದ ಮೇಲೆ, 1883ರಲ್ಲಿ, ಇದೇ ಕೆಲಸಕ್ಕಾಗಿ ಮತ್ತೆ ಬಂದರು. ಹಳೆಯ ಕಾವ್ಯ, ಬಸವಪುರಾಣ, ಆಡುಮಾತು, ಗಾದೆ ಎಲ್ಲದರಿಂದಲೂ ಪದ ಕೂಡಿಸಿದರು. ಕನ್ನಡದ ಪಂಡಿತರು ಅವರಿಗೆ ನೆರವಾದರು. ಕಂಪ್ಯೂಟರ್ ಇಲ್ಲ, ಟೈಪ್ ಮಾಡಿ ಹುಡುಕುವ ಸೌಲಭ್ಯವಿಲ್ಲ, ಎಲ್ಲವೂ ಕೈಬರಹ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಆ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ 1,700ಕ್ಕೂ ಹೆಚ್ಚು ಪುಟಗಳು, ಸುಮಾರು 70 ಸಾವಿರ ಪದಗಳು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ಕಣ್ಮುಚ್ಚಿದರು. ಇಂದು ಧಾರವಾಡದ ಕಾಲೇಜು, ಬೆಂಗಳೂರಿನ ಪ್ರತಿಮೆ ಅವರ ಹೆಸರನ್ನು ಉಳಿಸಿವೆ.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲಿ ವರ್ಷಕ್ಕೊಮ್ಮೆ ಅಪ್ರೈಸಲ್ ಎಂಬುದಿದೆ. ಮಾಡಿದ್ದನ್ನೆಲ್ಲ ಪಟ್ಟಿ ಮಾಡಿ ತೋರಿಸಿದರೆ ಅದಕ್ಕೆ ತಕ್ಕ ರೇಟಿಂಗ್. ಕಿಟ್ಟೆಲ್ಲರ ಬಾಳಿಗೆ ಅಂಥ ರೇಟಿಂಗ್ ಕೊಟ್ಟಿದ್ದರೆ ಅವರ ನಡುವಯಸ್ಸಿನ ವರ್ಷಗಳಲ್ಲಿ ಹೆಚ್ಚೇನೂ ಸಿಗುತ್ತಿರಲಿಲ್ಲ. ಆದರೂ ಅವರು ದುಡಿದರು. ದೇವರ ಕರುಣೆ ತನಗೆ ಮೊದಲೇ ಸಿಕ್ಕಿದೆ ಎಂದು ನಂಬಿದವನು ಮಾತ್ರ ಅಷ್ಟು ವರ್ಷ ತಾಳ್ಮೆಯಿಂದ ದುಡಿಯಬಲ್ಲ ಎಂದು ನನಗೆ ಅನಿಸುತ್ತದೆ. ನಮ್ಮ ಭಾಷೆಯಲ್ಲಿ ಕ್ಷಮೆ ಎಂಬ ಪದಕ್ಕೆ ತಾಳ್ಮೆ ಎಂಬ ಅರ್ಥವೂ ಇದೆಯಲ್ಲವೇ?

ಈಗ ನನ್ನ ಮಾತಿಗೆ ಬರುತ್ತೇನೆ. ಮದರಾಸು ವಿಶ್ವವಿದ್ಯಾಲಯದವರು ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಮುದ್ರಿಸಿದ ಕಿಟ್ಟೆಲ್ ನಿಘಂಟಿನ ಒಂದು ಸಂಪುಟ ನಮ್ಮ ಶಾಲೆಯ ಕಪಾಟಿನಲ್ಲಿತ್ತು. ಒಂಬತ್ತನೆಯ ತರಗತಿಯಲ್ಲಿದ್ದಾಗ ಪ್ರಬಂಧ ಸ್ಪರ್ಧೆಗೆಂದು ಗಾದೆಗಳಿದ್ದ ಒಂದು ಹಾಳೆಯನ್ನು ಹರಿದುಕೊಂಡೆ. ಅನುಮಾನ ಬಂದದ್ದು ನನ್ನ ಬೆಂಚಿನ ಗೆಳೆಯನ ಮೇಲೆ. ಅವನು ನೇಕಾರರ ಮನೆಯ ಹುಡುಗ. ಇಡೀ ತರಗತಿಯ ಮುಂದೆ ನಿಂತು ಬೈಗುಳ ಕೇಳಿದ. ನಾನು ಸುಮ್ಮನೆ ಕುಳಿತಿದ್ದೆ. ಸ್ಪರ್ಧೆಯಲ್ಲಿ ಬಹುಮಾನವೂ ನನಗೇ ಬಂತು.

ವಾರದ ನಂತರ ತಡೆಯಲಾರದೆ ಕನ್ನಡ ಕಲಿಸುತ್ತಿದ್ದ ಗುರುಗಳ ಮನೆಗೆ ಹೋಗಿ ಹಾಳೆ ಕೊಟ್ಟು ಅತ್ತೆ. ಅವರು ಹೊಡೆಯಲಿಲ್ಲ. ಅಂಟು ತರಿಸಿ, ನನ್ನ ಕೈಯಿಂದಲೇ ಹಾಳೆ ಅಂಟಿಸಿ, ಮರುದಿನ ಕಪಾಟಿನ ಕೀಲಿಕೈಯನ್ನು ನನಗೇ ಒಪ್ಪಿಸಿದರು. ಗೆಳೆಯನ ತಪ್ಪಿಲ್ಲವೆಂದು ತರಗತಿಯಲ್ಲಿ ಹೇಳಿದರು. ನನ್ನ ಹೆಸರು ಹೇಳಲಿಲ್ಲ. ಅದನ್ನು ಹೇಳುವ ಕೆಲಸವನ್ನು ನನಗೇ ಬಿಟ್ಟಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಕಾಣಿಕೆ ಅರ್ಪಿಸುವಾಗ ಸಹೋದರನ ಮನಸ್ಸು ನೋಯಿಸಿದ್ದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಂದಿಗೆ ಸಮಾಧಾನ ಮಾಡಿಕೊಳ್ಳಬೇಕೆಂದು ಯೇಸು ಬೋಧಿಸಿದ್ದಾನೆ. ನಾನು ಎಷ್ಟೋ ಭಾನುವಾರ ದೇವರ ಕ್ಷಮೆ ಕೇಳಿದ್ದೇನೆ, ಗೆಳೆಯನ ಕ್ಷಮೆ ಕೇಳಿಲ್ಲ. ಅವನು ಈಗ ಇಳಕಲ್ಲಿನಲ್ಲಿ ಸೀರೆ ನೇಯುತ್ತಾನೆ. ಈ ಸಂಚಿಕೆ ಅವನ ಕೈಗೂ ಬರುತ್ತದೆ. ಅಚ್ಚಾಗುವ ಮೊದಲೇ ಇಳಕಲ್ಲಿಗೆ ಹೋಗಿ ಅವನ ಮಗ್ಗದ ಮುಂದೆ ಕುಳಿತು ಎಲ್ಲವನ್ನೂ ಹೇಳಬೇಕೆಂದು ನಿಶ್ಚಯಿಸಿದ್ದೇನೆ.