ದಡ್ಡನೆಂಬ ಹಣೆಪಟ್ಟಿಯನ್ನು ಒಪ್ಪದ ಆಲ್‌ಫ್ರೆಡ್ ಬಿನೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಶಿಕ್ಷಣ ಕ್ಷೇತ್ರದ ಯಾರಾದರೂ ಹಿರಿಯರ ಜೀವನದ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಫ್ರಾನ್ಸ್ ದೇಶದ ಆಲ್‌ಫ್ರೆಡ್ ಬಿನೆ ಅವರನ್ನು ಆರಿಸಿಕೊಂಡೆ. ಶಿಕ್ಷಕರ ತರಬೇತಿ ಪಡೆದವರಿಗೆಲ್ಲ ಈ ಹೆಸರು ಗೊತ್ತು. ಬುದ್ಧಿಶಕ್ತಿ ಪರೀಕ್ಷೆಯ ಜನಕ ಯಾರು ಎಂಬ ಒಂದು ಅಂಕದ ಪ್ರಶ್ನೆಗೆ ಅವರೇ ಉತ್ತರ. ಆ ಒಂದು ಅಂಕದ ಆಚೆಗೆ ಅವರ ಬದುಕನ್ನು ಓದುವವರು ಕಡಿಮೆ. ನನಗಂತೂ ಹಳ್ಳಿಯ ಮೇಷ್ಟ್ರಿಗೆ ಇಷ್ಟು ಹತ್ತಿರದ ಇನ್ನೊಬ್ಬ ವಿದ್ವಾಂಸರು ಕಾಣಲಿಲ್ಲ.

ಬಿನೆ ಹುಟ್ಟಿದ್ದು 1857ರ ಜುಲೈ 8ರಂದು, ಸಮುದ್ರ ತೀರದ ನೀಸ್ ಪಟ್ಟಣದಲ್ಲಿ. ತಂದೆ ವೈದ್ಯರು, ತಾಯಿ ಚಿತ್ರ ಬರೆಯುವವರು. ತಂದೆತಾಯಿ ಬೇರೆಯಾದ ಮೇಲೆ ತಾಯಿಯೇ ಬೆಳೆಸಿದರು, ಪ್ಯಾರಿಸಿನಲ್ಲಿ ಓದಿಸಿದರು. ಕಾನೂನು ಪದವಿ ಪಡೆದರೂ ಬಿನೆ ಕರಿಕೋಟು ತೊಡಲಿಲ್ಲ. ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನಶ್ಶಾಸ್ತ್ರದ ಪುಸ್ತಕಗಳನ್ನು ತಾವೇ ಓದಿಕೊಂಡರು. ಅದಕ್ಕೂ ಮೊದಲು, ವಿದ್ಯಾರ್ಥಿಯಾಗಿದ್ದಾಗ, ಪರೀಕ್ಷಕರೊಬ್ಬರು ಇವರ ಒಂದು ಉತ್ತರಕ್ಕೆ ಸಿಟ್ಟಾಗಿ, ನಿನಗೆ ತಾತ್ವಿಕವಾಗಿ ಯೋಚಿಸುವ ಬುದ್ಧಿ ಎಂದೆಂದಿಗೂ ಬರುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಎಂದೆಂದಿಗೂ ಎಂಬ ಆ ಮಾತು ಬಿನೆ ಅವರನ್ನು ಚುಚ್ಚಿತ್ತು. ವಯಸ್ಸಾದ ಮೇಲೂ ಅದನ್ನು ನೆನೆದು ಬರೆದಿದ್ದಾರೆ.

ಮೊದಲ ಕೆಲಸ ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ, ಹೆಸರಾಂತ ವೈದ್ಯ ಶಾರ್ಕೊ ಅವರ ಬಳಿ. ಸಂಮೋಹನಕ್ಕೆ ಒಳಗಾದ ರೋಗಿಯ ಲಕ್ಷಣಗಳನ್ನು ಅಯಸ್ಕಾಂತ ಹಿಡಿದು ಮೈಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸಬಹುದೆಂದು ಅಲ್ಲಿ ನಂಬಿದ್ದರು. ಬಿನೆ ಅದನ್ನು ಎತ್ತಿಹಿಡಿದು ಬರೆದರು. ವೈದ್ಯರು ಏನು ಬಯಸುತ್ತಾರೋ ರೋಗಿ ಅದನ್ನೇ ಮಾಡಿ ತೋರಿಸುತ್ತಿದ್ದಾನೆ, ಅಷ್ಟೆ, ಎಂದು ಬೆಲ್ಜಿಯಂನ ಡೆಲ್‌ಬಫ್ ತೋರಿಸಿಕೊಟ್ಟರು. ಬಿನೆ ಕೊನೆಗೆ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡು ಆಸ್ಪತ್ರೆ ಬಿಟ್ಟರು. ಕೇಳುವವನ ನಿರೀಕ್ಷೆ ಉತ್ತರವನ್ನೇ ಬದಲಿಸಬಲ್ಲದು ಎಂಬ ಎಚ್ಚರ ಅಲ್ಲಿಂದ ಮುಂದೆ ಅವರನ್ನು ಬಿಡಲಿಲ್ಲ.

ನಂತರದ ಪ್ರಯೋಗಶಾಲೆ ಅವರ ಮನೆಯೇ. ಮದ್ಲೆನ್ ಮತ್ತು ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳು. ನಡೆಯಲು ಕಲಿಯುವಾಗ ದೊಡ್ಡವಳು ಮುಂದಿನ ಕುರ್ಚಿ ಕೈಗೆ ಸಿಗುತ್ತದೆಯೇ ಎಂದು ನೋಡಿಕೊಂಡೇ ಹೆಜ್ಜೆ ಇಡುತ್ತಿದ್ದಳು. ಚಿಕ್ಕವಳು ಆಧಾರವಿಲ್ಲದ ಕೋಣೆಯ ನಡುವಿಗೇ ನಡೆದುಬಿಡುತ್ತಿದ್ದಳು. ಒಂದೇ ಮನೆ, ಒಂದೇ ಊಟ, ಕಲಿಯುವ ರೀತಿ ಮಾತ್ರ ಬೇರೆ. ಎರಡು ಗುಂಪು ಬಿಲ್ಲೆಗಳನ್ನಿಟ್ಟು ಯಾವುದು ಹೆಚ್ಚು ಎಂದು ಕೇಳಿದರೆ, ಪುಟ್ಟ ಮಗು ಎಣಿಸುವುದಿಲ್ಲ, ಹರಡಿಕೊಂಡ ಜಾಗ ನೋಡಿ ಹೇಳುತ್ತದೆ ಎಂಬುದನ್ನೂ ಅವರು 1890ರಲ್ಲೇ ಬರೆದಿಟ್ಟರು.

1894ರಲ್ಲಿ ಬಿನೆ ಸೊರ್ಬಾನ್‌ನ ಪ್ರಯೋಗಶಾಲೆಯ ನಿರ್ದೇಶಕರಾದರು. ತಲೆ ದೊಡ್ಡದಾದಷ್ಟೂ ಬುದ್ಧಿ ಹೆಚ್ಚು ಎಂಬ ನಂಬಿಕೆ ಆಗ ಪ್ರಬಲವಾಗಿತ್ತು. ಶಾಲೆಗಳಿಗೆ ಹೋಗಿ ಜಾಣ ಮಕ್ಕಳ ತಲೆಯನ್ನೂ ಹಿಂದುಳಿದವರ ತಲೆಯನ್ನೂ ಅಳೆದರು. ಸಿಕ್ಕ ವ್ಯತ್ಯಾಸ ತೀರಾ ಅಲ್ಪ. ಅದರಲ್ಲೂ ಅಳೆಯುವವನ ಕೈ ತನಗೆ ಬೇಕಾದ ಕಡೆಗೆ ವಾಲುತ್ತದೆಂದು ಕಂಡು ಆ ದಾರಿಯನ್ನು ಕೈಬಿಟ್ಟರು.

ಫ್ರಾನ್ಸಿನಲ್ಲಿ 1882ರಲ್ಲಿ ಶಿಕ್ಷಣ ಕಡ್ಡಾಯವಾಗಿತ್ತು. ಎಲ್ಲ ಮನೆಗಳ ಮಕ್ಕಳೂ ಶಾಲೆಗೆ ಬಂದರು, ಕೆಲವರು ಹಿಂದೆ ಬಿದ್ದರು. ಅಂಥವರಿಗೆ ಏನು ಮಾಡಬೇಕೆಂದು 1904ರಲ್ಲಿ ಸರ್ಕಾರ ಸಮಿತಿ ರಚಿಸಿತು. ಬಿನೆ ಅದರ ಸದಸ್ಯರು. ಅವರ ಚಿಂತೆ ಬೇರೆಯೇ ಇತ್ತು. ಮೇಷ್ಟ್ರು ತುಂಟ ಹುಡುಗನನ್ನು ಬುದ್ಧಿಮಾಂದ್ಯನೆಂದು ಆಚೆ ಹಾಕಿದರೆ ಕೇಳುವವರು ಯಾರು? ಒಂದೇ ಮಗುವಿಗೆ ಒಬ್ಬೊಬ್ಬ ವೈದ್ಯರು ಒಂದೊಂದು ಹೆಸರಿಡುತ್ತಿದ್ದರು. ನಮ್ಮಲ್ಲಿ ಇವನ ತಲೆಗೆ ಅಕ್ಷರ ಹತ್ತುವುದಿಲ್ಲ ಎಂದು ಹುಡುಗನನ್ನು ದನ ಕಾಯಲು ಅಟ್ಟುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಹಾಗೆ ಬಾಯಿಮಾತಿನ ತೀರ್ಪು ಆಗಬಾರದೆಂದೇ ಬಿನೆ ಮತ್ತು ತರುಣ ವೈದ್ಯ ತಿಯೊಡೋರ್ ಸಿಮೋನ್ ಸೇರಿ 1905ರಲ್ಲಿ 30 ಪ್ರಶ್ನೆಗಳ ಮಾಪಕ ಸಿದ್ಧಪಡಿಸಿದರು. ಮೂಗು ತೋರಿಸು, ಎರಡು ಭಾರಗಳಲ್ಲಿ ಹೆಚ್ಚಿನದು ಯಾವುದು ಹೇಳು, ಹೀಗೆ ದಿನಬಳಕೆಯ ಪ್ರಶ್ನೆಗಳು. 1908ರಲ್ಲಿ ಅವನ್ನು ವಯಸ್ಸಿನ ಪ್ರಕಾರ ಜೋಡಿಸಿದರು.

ಮಾಪಕಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಅದರ ನಂತರದ ಕೆಲಸ. ಪ್ಯಾರಿಸಿನ ಗ್ರಾಂಜ್ ಓ ಬೆಲ್ ಬೀದಿಯ ಶಾಲೆಯಲ್ಲಿ ಅವರು ಪ್ರಯೋಗಶಾಲೆ ತೆರೆದಿದ್ದರು. ಹಿಂದುಳಿದ ಮಕ್ಕಳ ತರಗತಿಗಳಿಗೆ ಪಾಠಕ್ಕೂ ಮೊದಲು ಗಮನ, ನೆನಪು, ಸಂಯಮಗಳ ವ್ಯಾಯಾಮ ಹಾಕಿಕೊಟ್ಟರು. ಸೂಚನೆ ಕೊಟ್ಟ ಕೂಡಲೇ ಮಕ್ಕಳು ಕಲ್ಲಿನ ಬೊಂಬೆಗಳಂತೆ ನಿಲ್ಲಬೇಕು. ಹಲಗೆಯ ಮೇಲಿನ 9 ವಸ್ತುಗಳನ್ನು 5 ಸೆಕೆಂಡು ನೋಡಿ, ಆಮೇಲೆ ನೆನಪಿನಿಂದ ಬರೆಯಬೇಕು. ತರಗತಿ ನೋಡಲು ಬಂದ ಶಾಸನಸಭೆಯ ಸದಸ್ಯರು ತಾವೂ ಪ್ರಯತ್ನಿಸಿ, ಆ ಮಕ್ಕಳಿಗಿಂತ ಹಿಂದೆ ಬಿದ್ದು ನಗೆಪಾಟಲಾದರು! ಬುದ್ಧಿ ಹುಟ್ಟಿನಿಂದಲೇ ಇಷ್ಟೇ ಎಂದು ಅಳತೆಯಾಗಿ ಬಂದದ್ದು ಎಂಬ ವಾದವನ್ನು 1909ರ ತಮ್ಮ ಪುಸ್ತಕದಲ್ಲಿ ಬಿನೆ ಖಡಾಖಂಡಿತವಾಗಿ ಅಲ್ಲಗಳೆದರು.

1911ರ ಅಕ್ಟೋಬರ್ 18ರಂದು, 54ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರಿಲ್ಲದ ಮೇಲೆ ಆದದ್ದು ಬೇಸರದ ಕಥೆ. ಜರ್ಮನಿಯ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿದರು. ಅಮೆರಿಕದ ಟರ್ಮನ್ 1916ರಲ್ಲಿ ಆ ಭಾಗಲಬ್ಧವನ್ನು 100ರಿಂದ ಗುಣಿಸಿ ಐಕ್ಯೂ ಎಂಬ ಸಂಖ್ಯೆಯನ್ನು ಮನೆಮಾತು ಮಾಡಿದರು. ಬಿನೆ ನಿರಾಕರಿಸಿದ್ದ ಹುಟ್ಟುಬುದ್ಧಿಯ ವಾದಕ್ಕೇ ಅವರ ಮಾಪಕ ಅಲ್ಲಿ ಆಯುಧವಾಯಿತು. ವಲಸೆ ಬಂದವರನ್ನೂ ಸೈನಿಕರನ್ನೂ ಇಂಥ ಪರೀಕ್ಷೆಗಳಿಂದ ಮೇಲುಕೀಳೆಂದು ವಿಂಗಡಿಸಿದರು. ಇದು ಮೂಲ ಉದ್ದೇಶಕ್ಕೆ ಬಗೆದ ದ್ರೋಹವೆಂದು ಮುದುಕರಾದ ಸಿಮೋನ್ ನೊಂದುಕೊಂಡರು. ನಮ್ಮ ಕಡೆಗೂ ಮಾಪಕ ಬಂತು. ವಿ. ವಿ. ಕಾಮತ್ ಅವರು ಮುಂಬಯಿ ಕರ್ನಾಟಕದ ಮಕ್ಕಳಿಗಾಗಿ ಕನ್ನಡ ಮತ್ತು ಮರಾಠಿಯಲ್ಲಿ ಅದನ್ನು ಅಳವಡಿಸಿದರು.

ಬಿನೆ ಅವರ ದಾರಿ ಇನ್ನೊಂದು ರೀತಿಯಲ್ಲಿ ಮುಂದುವರಿಯಿತು. 1920ರ ಸುಮಾರಿಗೆ ಅದೇ ಗ್ರಾಂಜ್ ಓ ಬೆಲ್ ಶಾಲೆಗೆ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಎಂಬ ಯುವಕ ಬಂದರು. ಸಿಮೋನ್ ಅವರಿಗೆ ಒಪ್ಪಿಸಿದ್ದು ಮಕ್ಕಳ ಸರಿ ಉತ್ತರಗಳನ್ನು ಎಣಿಸುವ ಕೆಲಸ. ಪಿಯಾಜೆಗೆ ಅದು ರುಚಿಸಲಿಲ್ಲ. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಾರಲ್ಲ ಎಂದು ಕುತೂಹಲ ಹುಟ್ಟಿ, ತಪ್ಪು ಹೇಳಿದ ಮಕ್ಕಳ ಪಕ್ಕದಲ್ಲೇ ಕುಳಿತು, ಹಾಗೇಕೆ ಅನ್ನಿಸಿತು ಮಗು ಎಂದು ಒಬ್ಬೊಬ್ಬರನ್ನೂ ಕೇಳತೊಡಗಿದರು.