ನೈಟಿಂಗೇಲ್ ಕಾಲಿಟ್ಟ ಕೂಡಲೇ ಸಾವು ನಿಂತಿತೇ? ಆರಾಮದ ಹುದ್ದೆ ಬಿಟ್ಟ ನರ್ಸ್‌ನ ನಿಜ ಕಥೆ

ಮೇ 12, ನರ್ಸ್‌ಗಳ ದಿನ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಚಿತ್ರ ಓಡಾಡುತ್ತದೆ. ಕೈಯಲ್ಲಿ ದೀಪ ಹಿಡಿದ ಮಹಿಳೆ, ಸುತ್ತ ಗಾಯಗೊಂಡ ಸೈನಿಕರು. ಫ್ಲಾರೆನ್ಸ್ ನೈಟಿಂಗೇಲ್ ಸುಖ ಬಿಟ್ಟು ಯುದ್ಧದ ಆಸ್ಪತ್ರೆಗೆ ಹೋದರು, ಅವರು ಕಾಲಿಟ್ಟ ಕೂಡಲೇ ಸಾವು ನಿಂತಿತು ಎಂಬುದು ಅದರ ಸಾರಾಂಶ. ಮೊದಲ ಮಾತು ನಿಜ. ಎರಡನೆಯದು ನಿಜವಲ್ಲ.

ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ, ಇಂಗ್ಲೆಂಡಿನ ಸಿರಿವಂತ ಕುಟುಂಬದಲ್ಲಿ. ನರ್ಸ್ ಆಗುತ್ತೇನೆ ಎಂದಾಗ ಮನೆಯವರು ಒಪ್ಪಲಿಲ್ಲ. ಆಗ ಆ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. ಹಟ ಬಿಡದೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆದರು.

1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟ್‌ನ ಒಂದು ಚಿಕ್ಕ ಆಸ್ಪತ್ರೆಗೆ ಮೇಲ್ವಿಚಾರಕಿಯಾದರು. ಮಹಿಳೆಯರಿಗಷ್ಟೇ ಮೀಸಲಾಗಿದ್ದ ಅಲ್ಲಿ ರೋಗಿಗಳೂ ಕಡಿಮೆ, ಆಡಳಿತವೂ ಅವರದೇ. ಪ್ರತಿ ಮಹಡಿಗೂ ಬಿಸಿನೀರು ಬರುವಂತೆ, ಊಟ ಮೇಲಕ್ಕೇರಿಸಲು ಲಿಫ್ಟ್ ಇರುವಂತೆ ಮಾಡಿಸಿದರು. ನರ್ಸ್‌ನ ಸಮಯ ಮೆಟ್ಟಿಲು ಹತ್ತಿಳಿಯುವುದರಲ್ಲೇ ಕಳೆಯಬಾರದು ಎಂಬುದು ಅವರ ಲೆಕ್ಕ.

ಒಂದು ವರ್ಷದಲ್ಲಿ ಎಲ್ಲವೂ ಹಿಡಿತಕ್ಕೆ ಬಂತು. ಆದರೆ ಅವರಿಗೆ ಬೇಕಿದ್ದದ್ದು ಹೊಸ ನರ್ಸ್‌ಗಳನ್ನು ತಯಾರು ಮಾಡುವ ಕೆಲಸ. ಅದು ಅಷ್ಟು ಚಿಕ್ಕ ಜಾಗದಲ್ಲಿ ಆಗುವಂಥದ್ದಲ್ಲ. ಹಾಗಾಗಿ ಕಿಂಗ್ಸ್ ಕಾಲೇಜ್ ಎಂಬ ದೊಡ್ಡ ಆಸ್ಪತ್ರೆಗೆ ಹೋಗುವ ಮಾತು ನಡೆದಿತ್ತು. ಅಷ್ಟರಲ್ಲಿ ಕ್ರಿಮಿಯಾ ಯುದ್ಧದ ಕೆಟ್ಟ ಸುದ್ದಿಗಳು ಬಂದವು. 1854ರ ಅಕ್ಟೋಬರ್‌ನಲ್ಲಿ 38 ನರ್ಸ್‌ಗಳ ಜೊತೆ ಹೊರಟು, ನವೆಂಬರ್ ಮೊದಲ ವಾರ ಇಸ್ತಾನ್‌ಬುಲ್ ಪಕ್ಕದ ಸ್ಕುಟಾರಿಯ ಸೇನಾ ಆಸ್ಪತ್ರೆ ತಲುಪಿದರು.

ಅಲ್ಲಿ ಸಾವು ನಿಲ್ಲಲಿಲ್ಲ, ಹೆಚ್ಚಿತು. 1855ರ ಫೆಬ್ರವರಿಯಲ್ಲಿ ನೂರು ರೋಗಿಗಳಲ್ಲಿ ಸುಮಾರು 42 ಮಂದಿ ಸಾಯುತ್ತಿದ್ದರು. ಹೆಚ್ಚಿನವರನ್ನು ಕೊಂದದ್ದು ಗುಂಡೇಟಲ್ಲ, ಟೈಫಸ್, ಕಾಲರಾ, ಭೇದಿಯಂಥ ರೋಗಗಳು. ಕಟ್ಟಡದ ಕೆಳಗೆ ಚರಂಡಿ ಕಟ್ಟಿಕೊಂಡಿತ್ತು, ಗಾಳಿ ಆಡುತ್ತಿರಲಿಲ್ಲ, ವಾರ್ಡ್‌ಗಳು ತುಂಬಿ ತುಳುಕುತ್ತಿದ್ದವು. ನೈಟಿಂಗೇಲ್ ಊಟ, ಬಟ್ಟೆ, ಹಾಸಿಗೆಗಳನ್ನು ಒದಗಿಸಿದರು. ಅದು ಬೇಕಿತ್ತು, ಆದರೆ ಸಾಲಲಿಲ್ಲ.

ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಬಂತು. ಚರಂಡಿ ತೊಳೆಸಿತು, ಗಾಳಿಗೆ ದಾರಿ ಮಾಡಿತು, ನೀರಿನ ವ್ಯವಸ್ಥೆ ಸರಿಪಡಿಸಿತು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಸುಮಾರು ಎರಡಕ್ಕೆ ಇಳಿಯಿತು.

ಹಾಗಾದರೆ ನೈಟಿಂಗೇಲ್ ಅವರ ಹಿರಿಮೆ ಏನು? 1856ರಲ್ಲಿ ಊರಿಗೆ ಮರಳಿದ ಮೇಲೆ, ಹೊಗಳಿಕೆ ಕೇಳುತ್ತಾ ಕೂರದೆ, ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಜೊತೆ ಆ ಸಾವುಗಳ ಲೆಕ್ಕಕ್ಕೆ ಕೂತರು. ತಡೆಯಬಹುದಾಗಿದ್ದ ಸಾವುಗಳೇ ಹೆಚ್ಚು ಎಂದು ಬಣ್ಣದ ನಕ್ಷೆಗಳಲ್ಲಿ ತೋರಿಸಿದರು. ತಾವೇ ಕೆಲಸ ಮಾಡಿದ ಆಸ್ಪತ್ರೆಯ ವೈಫಲ್ಯವನ್ನು ಮುಚ್ಚಿಡಲಿಲ್ಲ. 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಮೊದಲ ಮಹಿಳಾ ಫೆಲೋ ಆದರು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನರ್ಸಿಂಗ್ ಶಾಲೆ ತೆರೆಯಿತು. ಹಾರ್ಲಿ ಸ್ಟ್ರೀಟ್‌ನಲ್ಲಿ ಸಿಗದ ಅವಕಾಶ ಕೊನೆಗೂ ಸಿಕ್ಕಿತು.

ಇದಕ್ಕೆ ತೆತ್ತ ಬೆಲೆಯೂ ಇದೆ. 1855ರಲ್ಲಿ ಕ್ರಿಮಿಯಾದಲ್ಲಿ ಹಿಡಿದ ಜ್ವರದಿಂದ ಸಾಯುವ ಸ್ಥಿತಿಗೆ ಹೋಗಿದ್ದರು. ಮರಳಿದ ಮೇಲೆ ಎಷ್ಟೋ ವರ್ಷ ಹಾಸಿಗೆಯಿಂದಲೇ ಕೆಲಸ ಮಾಡಿದರು. 1910ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಫಾರ್ವರ್ಡ್ ಹೇಳದ ಇನ್ನೊಂದು ಸಂಗತಿ: ಹಾರ್ಲಿ ಸ್ಟ್ರೀಟ್‌ನಲ್ಲಿ ಅವರು ಸಂಬಳ ಪಡೆಯಲಿಲ್ಲ. ತಂದೆ ವರ್ಷಕ್ಕೆ 500 ಪೌಂಡ್ ಕೊಡುತ್ತಿದ್ದರು. ಮನೆ ಬಾಡಿಗೆ, ಸಾಲದ ಕಂತು, ರಾತ್ರಿ ಪಾಳಿ, ಚಿಕ್ಕ ಮಗು ಇರುವ ಇಂದಿನ ನರ್ಸ್‌ಗೆ ಆ ಚಿತ್ರ ತೋರಿಸಿ ತ್ಯಾಗ ಮಾಡು ಎನ್ನುವುದು ನ್ಯಾಯವಲ್ಲ. ಊರಿನ ಕ್ಲಿನಿಕ್ಕೋ ದೊಡ್ಡ ಆಸ್ಪತ್ರೆಯ ಐಸಿಯುವೋ ಎಂದು ತೂಗುವಾಗ ಸಂಬಳ, ನಿದ್ದೆ, ಸುರಕ್ಷತೆಯನ್ನೂ ತಕ್ಕಡಿಗೆ ಹಾಕಲೇಬೇಕು. ಹೊಸ ಜಾಗದಲ್ಲಿ ಕಲಿಸುವವರು ಇದ್ದಾರೆಯೇ, ತಪ್ಪಾದರೆ ಅದನ್ನು ಬಿಡಿಸಿ ನೋಡಲು ಬಿಡುತ್ತಾರೆಯೇ ಎಂದೂ ಕೇಳಿ. ಕಷ್ಟದ ಕೆಲಸ ತಾನಾಗಿ ಯಾರಿಗೂ ಪಾಠ ಕಲಿಸುವುದಿಲ್ಲ. ಸ್ಕುಟಾರಿಯ ಚಳಿಗಾಲ ಕಂಡವರು ಬಹಳ ಮಂದಿ, ಅದರ ಲೆಕ್ಕ ತೆಗೆದವರು ಕೆಲವರೇ.

ಮುಂದಿನ ಮೇ 12ಕ್ಕೆ ಆ ಚಿತ್ರ ಬಂದರೆ ಹಂಚಿಕೊಳ್ಳಿ. ಕೆಳಗೆ ಚರಂಡಿಯ ಕಥೆಯನ್ನೂ ಒಂದು ಸಾಲು ಸೇರಿಸಿ.