ಸದ್ದಿಗೆ ಕಿವಿಗೊಟ್ಟ ಬಿ.ವಿ. ಕಾರಂತ

ಮಕ್ಕಳೇ, ವಾರ್ಷಿಕ ಪರೀಕ್ಷೆ ಮುಗಿಯಿತು, ಬೇಸಿಗೆ ರಜೆ ಬಂತು. ಮೊದಲ ನಾಲ್ಕು ದಿನ ಆಟ, ನಿದ್ದೆ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ಐದನೆಯ ದಿನದಿಂದ ಬೇಜಾರು ಶುರು, ಅಲ್ಲವೇ?

ಮೈಸೂರಿನ ರಾಮಕೃಷ್ಣನಗರದಲ್ಲಿ 'ನಟನ' ಎಂಬ ರಂಗಶಾಲೆ ಇದೆ. ಬೇಸಿಗೆಯಲ್ಲಿ ಅದು ಮಕ್ಕಳಿಗಾಗಿ ಶಿಬಿರ ನಡೆಸುತ್ತಾ ಬಂದಿದೆ. ಅದೇ ಊರಿನ ಕಲಾಮಂದಿರದ ಆವರಣದಲ್ಲಿ 'ರಂಗಾಯಣ'ವಿದೆ. ಅಲ್ಲಿನ 'ಚಿಣ್ಣರ ಮೇಳ' ನಾಡಿಗೆಲ್ಲ ಪರಿಚಿತ. ಮಕ್ಕಳು ಅಲ್ಲಿ ಹಾಡುತ್ತಾರೆ, ಕುಣಿಯುತ್ತಾರೆ, ಕೊನೆಗೆ ನಾಟಕ ಆಡುತ್ತಾರೆ. ಆದರೆ ಎಲ್ಲ ಊರುಗಳಲ್ಲೂ ಇಂಥ ಶಿಬಿರ ಇರುವುದಿಲ್ಲ. ಇದ್ದರೂ ಎಲ್ಲರಿಗೂ ಹೋಗಲು ಆಗುವುದಿಲ್ಲ. ಹಾಗೆಂದು ಬೇಸರಪಡಬೇಡಿ. ರಂಗಾಯಣವನ್ನು ಕಟ್ಟಿದ ಬಿ.ವಿ. ಕಾರಂತರು ಸಂಗೀತ ಹುಟ್ಟಿಸಲು ಬಳಸುತ್ತಿದ್ದಂಥ ವಸ್ತುಗಳು ನಿಮ್ಮ ಮನೆಯ ಹಿತ್ತಿಲಿನಲ್ಲೇ ಬಿದ್ದಿವೆ! ಅವರ ಬದುಕಿನ ಕಥೆ ತಿಳಿಯೋಣ ಬನ್ನಿ.

ನಾಟಕದ ಹುಚ್ಚು

ಬಾಬುಕೋಡಿ ವೆಂಕಟರಮಣ ಕಾರಂತರು ಹುಟ್ಟಿದ್ದು 1929ರಲ್ಲಿ, ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ. ಮೂರನೆಯ ತರಗತಿಯಲ್ಲಿದ್ದಾಗ ಅವರು ಶಾಲೆಯ ನಾಟಕವೊಂದರಲ್ಲಿ ಪಾತ್ರ ಮಾಡಿದರು. ಅದು ಕುವೆಂಪು ಅವರು ಮಕ್ಕಳಿಗಾಗಿ ಬರೆದ 'ನನ್ನ ಗೋಪಾಲ'. ಅಲ್ಲಿಂದ ಹಿಡಿದ ನಾಟಕದ ಹುಚ್ಚು ಕೊನೆಯವರೆಗೂ ಬಿಡಲಿಲ್ಲ.

ಮುಂದೆ ಒಂದು ದಿನ ಅವರು ಮನೆ ಬಿಟ್ಟು ಹೊರಟೇಬಿಟ್ಟರು. ಸೇರಿದ್ದು ಆಗ ನಾಡಿನಲ್ಲೆಲ್ಲ ಹೆಸರು ಮಾಡಿದ್ದ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು. ಮನೆಯವರಿಂದ ದೂರವಾದ ಹುಡುಗನಿಗೆ ಕಂಪನಿಯೇ ಮನೆ, ರಂಗವೇ ಶಾಲೆ. ಹುಡುಗನಲ್ಲಿದ್ದ ಚುರುಕನ್ನು ವೀರಣ್ಣನವರು ಗುರುತಿಸಿದರು. ಅವನನ್ನು ಬರಿಯ ಕೆಲಸದಾಳಾಗಿ ಇಟ್ಟುಕೊಳ್ಳಲಿಲ್ಲ. ಓದಲೆಂದು ದೂರದ ಕಾಶಿಗೆ ಕಳುಹಿಸಿದರು. ಅಲ್ಲಿ ಕಾರಂತರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಿಂದಿ ಎಂ.ಎ. ಓದಿದರು. ಜೊತೆಗೆ ಪಂಡಿತ್ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದರು. ಮುಂದೆ 1977ರಲ್ಲಿ ಅದೇ ಶಾಲೆಗೆ ನಿರ್ದೇಶಕರಾದರು!

ಮಕ್ಕಳ ಮೇಷ್ಟ್ರು

ಕಾರಂತರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಮೇಷ್ಟ್ರಾಗಿದ್ದರು. ದೊಡ್ಡವರ ನಾಟಕಗಳಿಂದ ಹೆಸರು ಬಂದ ಮೇಲೂ ಅವರು ಮಕ್ಕಳ ನಾಟಕವನ್ನು ಕೈಬಿಡಲಿಲ್ಲ. ಅವರ ಪತ್ನಿ ಪ್ರೇಮಾ ಕಾರಂತರೂ ಮಕ್ಕಳ ರಂಗಭೂಮಿಗಾಗಿಯೇ ದುಡಿದರು.

ಕಾರಂತರ 'ಪಂಜರ ಶಾಲೆ' ನಾಟಕವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದಕ್ಕೆ ಆಧಾರ ರವೀಂದ್ರನಾಥ ಠಾಕೂರರು ಬರೆದ ಒಂದು ಗಿಣಿಯ ಕಥೆ. ಹಾಡಿಕೊಂಡು, ಹಾರಾಡಿಕೊಂಡಿದ್ದ ಗಿಣಿಗೆ ವಿದ್ಯೆ ಕಲಿಸಬೇಕೆಂದು ರಾಜ ಅಪ್ಪಣೆ ಮಾಡುತ್ತಾನೆ. ಅದಕ್ಕೆ ಚಿನ್ನದ ಪಂಜರ ಸಿದ್ಧವಾಗುತ್ತದೆ. ಪಂಡಿತರು ಪುಸ್ತಕದ ಹಾಳೆಗಳನ್ನು ಅದರ ಬಾಯಿಗೆ ತುರುಕುತ್ತಾರೆ. ಹಾಡು ನಿಲ್ಲುತ್ತದೆ, ಹಾರಾಟ ನಿಲ್ಲುತ್ತದೆ, ಕೊನೆಗೆ ಗಿಣಿಯ ಉಸಿರೂ ನಿಲ್ಲುತ್ತದೆ. ರಾಜ ಅದನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಕೇಳುವುದು ಒಂದೇ ಸದ್ದು, ಹೊಟ್ಟೆಯೊಳಗಿನ ಕಾಗದದ ಸರಸರ!

ಓದು ಬೇಡ ಎಂಬುದು ಈ ಕಥೆಯ ಅರ್ಥವಲ್ಲ. ಕಾರಂತರೇ ಎಂ.ಎ. ಓದಿದವರು. ಓದಿನ ಜೊತೆಗೆ ನಮ್ಮದೇ ಹಾಡೂ ಉಳಿಯಬೇಕು ಎಂಬುದು ಅದರ ತಿರುಳು.

ಎಲ್ಲದರಲ್ಲೂ ಸಂಗೀತ

ಕಾರಂತರ ರಂಗಸಂಗೀತಕ್ಕೆ ಹಾರ್ಮೋನಿಯಂ, ತಬಲಾಗಳೇ ಬೇಕೆಂದಿರಲಿಲ್ಲ. ಕಲ್ಲು, ಕೋಲು, ಬಿದಿರು, ಕಾಗದ, ಡಬ್ಬ ಯಾವುದಾದರೂ ಸರಿ. ನಟರ ಉಸಿರು, ಚಪ್ಪಾಳೆ, ಹೆಜ್ಜೆಯ ಸದ್ದು ಕೂಡ ಅವರಿಗೆ ವಾದ್ಯಗಳೇ ಆಗಿದ್ದವು. ಸಿನಿಮಾದಲ್ಲೂ ಅವರು ಗೆದ್ದರು. ಡಾ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಅವರು ನಿರ್ದೇಶಿಸಿದ 'ಚೋಮನ ದುಡಿ' 1975ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ದುಡಿ ಎಂದರೆ ಗೊತ್ತಲ್ಲ? ಅದು ಚರ್ಮ ಬಿಗಿದ ಒಂದು ಪುಟ್ಟ ವಾದ್ಯ. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೂ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. 1981ರಲ್ಲಿ ಪದ್ಮಶ್ರೀ ದೊರೆಯಿತು.

ಕಲ್ಲಿನಿಂದಲೂ ಡಬ್ಬದಿಂದಲೂ ಸಂಗೀತ ಬರುವುದು ಹೇಗೆ? ಇದಕ್ಕೆ ವಿಜ್ಞಾನ ಉತ್ತರ ಕೊಡುತ್ತದೆ. ಯಾವುದೇ ವಸ್ತು ಕಂಪಿಸಿದಾಗ ಅದರ ಸುತ್ತಲಿನ ಗಾಳಿಯೂ ಕಂಪಿಸುತ್ತದೆ. ಆ ಕಂಪನ ಅಲೆಯಾಗಿ ನಮ್ಮ ಕಿವಿ ತಲುಪಿದಾಗ ಶಬ್ದ ಕೇಳುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಕಂಪಿಸುತ್ತದೆಯೋ ಅದೇ ಅದರ ಆವೃತ್ತಿ. ಇದನ್ನು ಹರ್ಟ್ಜ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಸುಮಾರು 20ರಿಂದ 20,000 ಹರ್ಟ್ಜ್‌ವರೆಗಿನ ಶಬ್ದ ಮನುಷ್ಯರಿಗೆ ಕೇಳಿಸುತ್ತದೆ. ಆವೃತ್ತಿ ಹೆಚ್ಚಿದ್ದರೆ ದನಿ ಸಣ್ಣ, ಕಡಿಮೆಯಿದ್ದರೆ ದನಿ ದಪ್ಪ.

ನೀವೂ ಮಾಡಿ ನೋಡಿ

1. ಒಂದೇ ಅಳತೆಯ ನಾಲ್ಕು ಗಾಜಿನ ಲೋಟಗಳಲ್ಲಿ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ. ಪೆನ್ಸಿಲಿನಿಂದ ಅಂಚಿಗೆ ಮೆಲ್ಲಗೆ ತಟ್ಟಿ. ನೀರು ಹೆಚ್ಚಿದ್ದ ಲೋಟದ ದನಿ ದಪ್ಪ. ನೀರಿನ ಭಾರದಿಂದ ಲೋಟ ನಿಧಾನವಾಗಿ ಕಂಪಿಸುವುದೇ ಇದಕ್ಕೆ ಕಾರಣ. ಪಿಂಗಾಣಿ ಬಟ್ಟಲುಗಳಲ್ಲಿ ನುಡಿಸುವ ಜಲತರಂಗದ ಗುಟ್ಟೂ ಇದೇ.

2. ಈಗ ಕಿರಿದಾದ ಬಾಯಿಯ ಖಾಲಿ ಬಾಟಲಿಗಳಲ್ಲಿ ಹಾಗೆಯೇ ನೀರು ತುಂಬಿ. ಬಾಯಿಯ ಅಂಚಿಗೆ ತುಟಿ ತಾಗಿಸಿ ಊದಿ. ಅರೆ, ಎಲ್ಲ ತಿರುಗುಮುರುಗು! ನೀರು ಹೆಚ್ಚಿದ್ದ ಬಾಟಲಿಯ ದನಿಯೇ ಸಣ್ಣ. ಇಲ್ಲಿ ಕಂಪಿಸುವುದು ಬಾಟಲಿಯಲ್ಲ, ಅದರೊಳಗಿನ ಗಾಳಿ. ನೀರು ಹೆಚ್ಚಿದಷ್ಟೂ ಗಾಳಿಗೆ ಜಾಗ ಕಡಿಮೆ, ಕಂಪನ ಬೇಗ.

3. ಖಾಲಿ ಡಬ್ಬದಲ್ಲಿ ಒಂದು ಹಿಡಿ ರಾಗಿ ಹಾಕಿ ನಿಧಾನವಾಗಿ ವಾಲಿಸಿ. ಮಳೆ ಬಂತು! ಎರಡು ತೆಂಗಿನ ಕರಟಗಳನ್ನು ನೆಲಕ್ಕೆ ಬಡಿಯಿರಿ. ಕುದುರೆ ಬಂತು! ಗೆಳೆಯರನ್ನು ಕೂಡಿಸಿ, ಈ ಸದ್ದುಗಳಿಂದಲೇ ಒಂದು ಪುಟ್ಟ ನಾಟಕ ಕಟ್ಟಿ. ನೋಡುವವರು ಕಣ್ಣು ಮುಚ್ಚಿಕೊಂಡೇ ಕಥೆಯನ್ನು ಊಹಿಸಬೇಕು.

ಎಚ್ಚರ! ಗಾಜಿನ ವಸ್ತುಗಳನ್ನು ಬಳಸುವಾಗ ಹಿರಿಯರು ಜೊತೆಗಿರಲಿ. ಯಾರ ಕಿವಿಯ ಹತ್ತಿರವೂ ಜೋರಾಗಿ ಬಡಿಯಬೇಡಿ.

ಮೈಸೂರಿಗೆ ಬಂದ ರಂಗಾಯಣ

ರಾಷ್ಟ್ರೀಯ ನಾಟಕ ಶಾಲೆಯ ನಂತರ ಕಾರಂತರು ಭೋಪಾಲಿನ ಭಾರತ ಭವನದಲ್ಲಿ ಕೆಲಸ ಮಾಡಿದರು. 1989ರಲ್ಲಿ ಕರ್ನಾಟಕ ಸರ್ಕಾರದ ಕರೆಯ ಮೇರೆಗೆ ಮೈಸೂರಿಗೆ ಬಂದು ರಂಗಾಯಣವನ್ನು ಕಟ್ಟಿದರು. ಅದರ ಮೊದಲ ನಿರ್ದೇಶಕರೂ ಅವರೇ. ಒಮ್ಮೆ ಆಡಿ ಚದುರಿಹೋಗುವ ತಂಡ ಅದಾಗಿರಲಿಲ್ಲ. ನಟರು ದಿನವೂ ಸೇರಿ ಕಲಿಯುವ, ಹುಡುಕುವ ಜಾಗವಾಯಿತು. ಪ್ರಯೋಗಾಲಯದಲ್ಲಿ ವಿಜ್ಞಾನಿ ಮಾಡುವುದೂ ಅದನ್ನೇ ಅಲ್ಲವೇ?

ಕಾರಂತರು 2002ರ ಸೆಪ್ಟೆಂಬರ್ 1ರಂದು ತೀರಿಕೊಂಡರು. ನೀವು ಯಾರೂ ಆಗ ಹುಟ್ಟಿರಲಿಲ್ಲ. ಆದರೆ ಅವರು ಕಟ್ಟಿದ ರಂಗಾಯಣ ಇಂದಿಗೂ ನಾಟಕ ಆಡುತ್ತಿದೆ. ಮೈಸೂರಿನಲ್ಲಿ ಬೇಸಿಗೆ ಬಂದರೆ ಮಕ್ಕಳ ಹಾಡು ಕೇಳಿಸುತ್ತದೆ.

ಈ ರಜೆಯಲ್ಲಿ ನೀವೂ ದಿನಕ್ಕೆ ಐದು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಕುಳಿತುಕೊಳ್ಳಿ. ಕೊಡಕ್ಕೆ ಬೀಳುವ ನೀರು, ಅಜ್ಜಿ ಕುಟ್ಟುವ ಒರಳು, ಗಾಳಿಗೆ ಅಲ್ಲಾಡುವ ತೆಂಗಿನ ಗರಿ, ಹೀಗೆ ಕೇಳಿದ ಸದ್ದುಗಳನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದಿಡಿ. ಪ್ರತಿ ಸದ್ದಿನ ಮುಂದೆ ಕಂಪಿಸಿದ್ದು ಯಾವುದು ಎಂದೂ ಬರೆಯಿರಿ. ಶಾಲೆ ತೆರೆದ ದಿನ ನಿಮ್ಮ ಪಟ್ಟಿಯನ್ನು ಗೆಳೆಯರ ಪಟ್ಟಿಯೊಂದಿಗೆ ಹೋಲಿಸಿ ನೋಡಿ. ಯಾರ ಕಿವಿ ಹೆಚ್ಚು ಚುರುಕು?